ಸೊನ್ನೆಗೆ ತಿರುಗಿಸದ ಗುಂಡಿ

ಮಿನಿಬಸ್ ಓಡಿಸುವ ಸೀತೋ ವಿಂಗ್‌ಹೋಯ್‌ಗೆ ಶಾಮ್‌ಶುಯ್‌ಪೋ ಬಡಾವಣೆಯ ಗೆಳೆಯರು ಇಟ್ಟ ಹೆಸರು ವೋಲ್ಟ್ ಮೇಷ್ಟ್ರು. ಅದರಲ್ಲಿ ಅರ್ಧ ಗೌರವ, ಅರ್ಧ ಕುಚೇಷ್ಟೆ. ಸೀತೋ ಮಾತ್ರ ಅದನ್ನು ಪೂರ್ತಿ ಗೌರವವೆಂದೇ ಸ್ವೀಕರಿಸಿದ್ದ. ಐವತ್ತೆಂಟರ ಆಳು, ಕುಳ್ಳ, ಸದಾ ಗಂಟಿಕ್ಕಿದ ಹುಬ್ಬು. ಬಸ್ಸಿನಲ್ಲಿ ಯಾರಾದರೂ ಫೋನಿನ ಸ್ಪೀಕರಿನಲ್ಲೇ ಹಾಡು ಹಾಕಿದರೆ ಕನ್ನಡಿಯಲ್ಲಿ ಅವರನ್ನು ದುರುಗುಟ್ಟಿ ನೋಡುತ್ತಿದ್ದ. ಗದ್ದಲವೆಂದು ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಹಾಡನ್ನು ಅಷ್ಟು ಕೆಟ್ಟದಾಗಿ ಕೇಳಲು ಜನಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ ಎಂದು ಸಿಟ್ಟು.

ಭಾನುವಾರ ಮಧ್ಯಾಹ್ನ ಆಪ್‌ಲಿಯು ಬೀದಿಯ ಹಿಂದಿನ ಟೀ ಅಂಗಡಿಯ ಮೂಲೆ ಮೇಜು ಇವರದು. ಅಲ್ಲಿ ಸೇರುತ್ತಿದ್ದವರು ಸೀತೋ, ಔಷಧಿ ಅಂಗಡಿಯಲ್ಲಿ ದುಡಿಯುವ ಡುಮ್ಮ ಯಿಪ್ ಮತ್ತು ನಿವೃತ್ತ ಶಾಲಾ ಮಾಸ್ತರ ಮೊಕ್. ಮೂವರ ಮುಂದೆಯೂ ಅಂಗೈಯಗಲದ ಮ್ಯೂಸಿಕ್ ಪ್ಲೇಯರು, ಕತ್ತಿನಲ್ಲಿ ಹೆಡ್‌ಫೋನು. ಒಂದೊಂದು ಲೋಟ ಹಾಲು ಚಹಾ ತರಿಸಿಕೊಂಡು ಸಂಜೆಯವರೆಗೂ ಕೂರುವ ಇವರನ್ನು ಕಂಡರೆ ಅಂಗಡಿಯವಳಿಗೆ ಮೈ ಉರಿಯುತ್ತಿತ್ತು. ಒಬ್ಬರ ಪ್ಲೇಯರಿಗೆ ಇನ್ನೊಬ್ಬರ ಹೆಡ್‌ಫೋನು ಸಿಕ್ಕಿಸಿ, ಕಣ್ಣು ಮುಚ್ಚಿ, ತಲೆಯಾಡಿಸಿ, ಆಮೇಲೆ ಜಗಳವಾಡುವುದು ಅವರ ವಾರದ ಸುಖ.

ಆ ಮೇಜಿಗೆ ಒಂದು ಕಟ್ಟಳೆಯಿತ್ತು, ಮಾಡಿದವನು ಸೀತೋನೇ. ಪ್ಲೇಯರನ್ನು ಕೈಬಿಡುವ ಮುನ್ನ ದನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಬೇಕು. ಮುಂದೆ ಯಾರು, ಎಂಥದ್ದನ್ನು ಸಿಕ್ಕಿಸಿಕೊಳ್ಳುತ್ತಾರೋ ಯಾರಿಗೆ ಗೊತ್ತು? ಒಮ್ಮೆ ಮೊಕ್ ಮರೆತ. ಸೀತೋ ಆ ಮುದುಕನನ್ನು ಒಂದು ತಿಂಗಳು ಪಕ್ಕದ ಮೇಜಿನಲ್ಲಿ ಒಬ್ಬನೇ ಚಹಾ ಕುಡಿಯುವ ಹಾಗೆ ಮಾಡಿದ. ಮೊಕ್ ನಗುತ್ತಲೇ ಶಿಕ್ಷೆ ಅನುಭವಿಸಿದ.

ಚಳಿಗಾಲದ ಆರಂಭದಲ್ಲಿ ಸೀತೋ ಹೊಸ ಪ್ಲೇಯರು ತಂದ. ಅವನ ನೆಚ್ಚಿನ ಹೆಡ್‌ಫೋನು ಮುನ್ನೂರು ಓಮಿನದು, ಕರೆಂಟಿಗೆ ಅಷ್ಟು ತಡೆ ಒಡ್ಡುವಂಥದ್ದು. ಹಳೆಯ ಪ್ಲೇಯರಿನಲ್ಲಿ ಅದಕ್ಕೆ ಬೇಕಾದ ವೋಲ್ಟೇಜೇನೋ ಇತ್ತು, ಕರೆಂಟಿನಲ್ಲಿ ಬಡವ. ಸಣ್ಣ ಓಮಿನ ಇಯರ್‌ಫೋನು ಹಾಕಿ ದನಿ ಏರಿಸಿದರೆ ಸುಸ್ತಾಗಿ ಕೂರುತ್ತಿತ್ತು. ಹೊಸದು ಹಾಗಲ್ಲ. ಅದರ ಗುಣಗಾನವನ್ನು ಅವನು ಮೇಜಿನವರಿಗೆ ಒಪ್ಪಿಸಿ ಮುಗಿಸಿದ ಮೇಲೆ ಮನೆಯಲ್ಲಿ ಹೆಂಡತಿಗೆ ಶುರುಮಾಡಿದ.

"ನನ್ನ ಬಸ್ಸಿನ ಬಾಗಿಲು ಅಂದ್ಕೋ. ಮುನ್ನೂರು ಓಮ್ ಅಂದ್ರೆ ಬಾಗಿಲು ಇಷ್ಟೇ ತೆರೆದಿದೆ. ಹಿಂದಿನಿಂದ ಜೋರಾಗಿ ನೂಕಿದ್ರೇನೇ ಒಬ್ಬಿಬ್ರು ಒಳಗೆ ಬರೋದು. ಆ ನೂಕೋ ಬಲ ವೋಲ್ಟೇಜು. ನಿನ್ನ ಪುಟಾಣಿ ಇಯರ್‌ಫೋನ್ ಹದಿನಾರು ಓಮು. ಬಾಗಿಲು ಪೂರ್ತಿ ತೆರೆದಿದೆ. ಸುಮ್ನೆ ಮುಟ್ಟಿದ್ರೆ ಸಾಕು, ಜನ ನುಗ್ತಾರೆ. ಆ ನುಗ್ಗೋ ಜನ ಕರೆಂಟು. ಅಷ್ಟು ಜನರನ್ನ ಒದಗಿಸಕ್ಕೆ ಆಗ್ದಿದ್ರೆ ಪ್ಲೇಯರಿನ ವೋಲ್ಟೇಜು ಕುಸಿದು ಬೀಳತ್ತೆ. ಇದು ಬೀಳಲ್ಲ. ಏನು ಸಿಕ್ಕಿಸಿದ್ರೂ ಬೀಳಲ್ಲ!"

"ಬೀಳ್ದೇ ಇದ್ರೆ ಸಂತೋಷ. ಈಗ ಆ ಮೂಲಂಗಿ ಹೆಚ್ಚು" ಅಂದಳು ಸೌಫಾನ್.

ಸೌಫಾನ್ ತಮ್ಮ ಮನೆಯಿದ್ದ ಕಟ್ಟಡದ ಕೆಳಗೇ ಬಟ್ಟೆ ಆಲ್ಟ್ರೇಷನ್ ಮಾಡುವ ಪುಟ್ಟ ಮಳಿಗೆ ಇಟ್ಟುಕೊಂಡವಳು. ವಾರಕ್ಕೆರಡು ದಿನ ಸಮುದಾಯ ಭವನದ ಹವ್ಯಾಸಿ ಕೂಟದಲ್ಲಿ ಕ್ಯಾಂಟನೀಸ್ ಗೀತನಾಟಕದ ಹಾಡು ಹಾಡುತ್ತಿದ್ದಳು. ಹೊಸ ವರ್ಷದ ಕಾರ್ಯಕ್ರಮಕ್ಕೆ ಅವಳಿಗೆ ಮೊದಲ ಸಲ ನಾಯಕಿಯ ಹಾಡು ಸಿಕ್ಕಿತ್ತು. ಗುರುವಿನ ಧ್ವನಿಮುದ್ರಣವನ್ನು ಫೋನಿನಲ್ಲೇ ಕೇಳಿ ಕಲಿಯುತ್ತಿದ್ದಳು. ಸೀತೋಗೆ ಅದನ್ನು ಸಹಿಸಲಾಗಲಿಲ್ಲ. "ನನ್ನದ್ರಲ್ಲಿ ಕೇಳೇ. ಪಿಟೀಲಿನವನು ಉಸಿರು ಎಳ್ಕೊಳ್ಳೋದೂ ಕೇಳ್ಸುತ್ತೆ" ಎಂದು ದಿನಾ ಪೀಡಿಸಿ, ಆ ಹಾಡನ್ನು ತಾನೇ ಪ್ಲೇಯರಿಗೆ ತುಂಬಿಸಿಟ್ಟ.

ಆ ಭಾನುವಾರ ಮೇಜಿನಲ್ಲಿ ಡುಮ್ಮ ಯಿಪ್ ಸವಾಲು ಹಾಕಿದ್ದ, ಮುನ್ನೂರು ಓಮನ್ನು ನಿನ್ನ ಪೆಟ್ಟಿಗೆ ನಿಜವಾಗಿ ಕುಣಿಸುತ್ತದೆಯೇ ನೋಡೋಣ ಎಂದು. ಸೀತೋ ಪ್ಲೇಯರಿನ ಬಲ ಹೆಚ್ಚಿಸುವ ಹೈ ಗೇನ್ ಒತ್ತಿ, ಗುಂಡಿಯನ್ನು ನೂರರಲ್ಲಿ ತೊಂಬತ್ತರವರೆಗೆ ತಿರುಗಿಸಿದ. ಯಿಪ್ ಸೋಲೊಪ್ಪಿದ. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಗೆದ್ದ ಖುಷಿಯಲ್ಲಿ ಹೆಡ್‌ಫೋನು ಕಿತ್ತು, ಮನೆಗೆ ಓಡಿ, ಪ್ಲೇಯರನ್ನು ಅಡುಗೆಮನೆಯ ಕಪಾಟಿನ ಮೇಲಿಟ್ಟು ಕೆಲಸಕ್ಕೆ ಹೋದ. ಪ್ಲೇಯರಿನಲ್ಲೇ ಒಂದು ಕಾವಲಿನ ವ್ಯವಸ್ಥೆಯಿತ್ತು. ಆನ್ ಮಾಡಿದಾಗಲೆಲ್ಲ ದನಿ ತಾನಾಗಿ ತಗ್ಗುತ್ತಿತ್ತು. ಅದು ಕಲಿಯುವವರಿಗೆಂದು ಸೀತೋ ಮೊದಲ ದಿನವೇ ಅದನ್ನು ತೆಗೆದುಹಾಕಿದ್ದ.

ಸಂಜೆ ಸೌಫಾನ್ ಸೂಪು ಕುದಿಯಲು ಇಟ್ಟಳು. ಗಂಡನ ಮಾತು ಒಂದು ಸಲ ನಡೆಸಿಯೇ ಬಿಡೋಣ ಎನ್ನಿಸಿ ಪ್ಲೇಯರಿಗೆ ತನ್ನ ಇಯರ್‌ಫೋನು ಸಿಕ್ಕಿಸಿದಳು. ಬಲಗಿವಿ ಒಲೆಯ ಕಡೆಗಿರಲಿ ಎಂದು ಎಡಗಿವಿಗೆ ಮಾತ್ರ ಹಾಕಿಕೊಂಡಳು. ಹಾಡಿನ ಮೊದಲ ಸದ್ದು ಜಾಗಟೆಯದು.

ಸೀತೋ ಬಂದಾಗ ಅವಳು ಒದ್ದೆ ಬಟ್ಟೆಯನ್ನು ಕಿವಿಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಮುಖ ಬಿಳಿಚಿತ್ತು.

"ನಿನ್ನ ಪೆಟ್ಟಿಗೆ ಕೈಯಿಂದ ಜಾರ್ತಾ ಇತ್ತು, ಹಿಡ್ಕೊಳ್ಳೋವಾಗ ಗುಂಡಿ ತಿರುಗಿಸಿಬಿಟ್ಟೆ ಅನ್ಸುತ್ತೆ ಕಣೋ. ಹಾಳಾಯ್ತಾ ಅದು? ಕ್ಷಮ್ಸು."

ಅವನು ಕಪಾಟಿನ ಕಡೆ ತಿರುಗಿ ಪರದೆ ನೋಡಿದ. ಹೈ ಗೇನ್. ತೊಂಬತ್ತು. ತಾನು ಬಿಟ್ಟಲ್ಲೇ ಇತ್ತು, ಒಂದು ಕೂದಲೆಳೆಯೂ ಕದಲಿರಲಿಲ್ಲ. ಮೂರು ವೋಲ್ಟು, ಹದಿನಾರು ಓಮು. ಲೆಕ್ಕ ಅವನ ತಲೆಯಲ್ಲಿ ತಾನಾಗಿ ಓಡಿತು. ಹಳೆಯ ಪ್ಲೇಯರಾಗಿದ್ದರೆ ಕರೆಂಟು ಸಾಲದೆ ಕುಸಿಯುತ್ತಿತ್ತು, ಪೆಟ್ಟು ಇಷ್ಟಾಗುತ್ತಿರಲಿಲ್ಲ. ಇದು ಕುಸಿಯಲಿಲ್ಲ. ಅವನು ಹೆಂಡತಿಗೆ ಬೆನ್ನು ಮಾಡಿ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ.

"ಪರವಾಗಿಲ್ಲ ಬಿಡು. ಪ್ಲೇಯರಿಗೆ ಏನೂ ಆಗಿಲ್ಲ" ಅಂದ.

ಮಾತು ಆಡಿಯಾಗಿತ್ತು, ಆದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಪ್ರತಿದಿನವೂ ಒಂದು ಅವಕಾಶವಿತ್ತು. ಕಿವಿಯ ಡಾಕ್ಟರು ಒಳಗಿವಿಯ ಸೂಕ್ಷ್ಮ ರೋಮಗಳು ಸತ್ತಿವೆ, ಮತ್ತೆ ಹುಟ್ಟುವುದಿಲ್ಲ ಎಂದಾಗ ಹೇಳಬಹುದಿತ್ತು. ಎಡಗಿವಿಯಲ್ಲಿ ಕೆಟಲ್ ಕುದಿಯುವ ಸದ್ದು ನಿಲ್ಲುವುದೇ ಇಲ್ಲವೆಂದು ಅವಳು ಹೊರಳಾಡಿದಾಗ ಹೇಳಬಹುದಿತ್ತು. ಕೂಟದಲ್ಲಿ ಪಿಟೀಲಿನ ಮೇಲಿನ ಸ್ವರಗಳು ಸಿಗದೆ ಅವಳು ಎರಡು ಸಲ ಶ್ರುತಿ ತಪ್ಪಿದಳು. ನಾಯಕಿಯ ಹಾಡನ್ನು ತಾನೇ ಇನ್ನೊಬ್ಬಳಿಗೆ ಬಿಟ್ಟುಕೊಟ್ಟು ಬಂದಳು. "ನನ್ನ ಕೈಯಾರೆ ಮಾಡ್ಕೊಂಡಿದ್ದಕ್ಕೆ ಯಾರನ್ನ ಬೈಲಿ?" ಎಂದು ಅತ್ತಳು. ಆಗಲೂ ಅವನು ಅವಳ ಬೆನ್ನು ಸವರಿ "ಪರವಾಗಿಲ್ಲ ಬಿಡು" ಅಂದನೇ ಹೊರತು ಬೇರೆ ಮಾತು ಬಾಯಿಗೆ ಬರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು. ಆ ಹೇಸಿಗೆಗಿಂತ ಹೆದರಿಕೆ ಒಂದು ತೂಕ ಹೆಚ್ಚಿತ್ತು.

ಭಾನುವಾರದ ಮೇಜಿಗೆ ಹೋಗುವುದನ್ನೂ ನಿಲ್ಲಿಸಿದ. ಅದನ್ನು ಸೌಫಾನ್ ಬೇರೆಯೇ ಅರ್ಥ ಮಾಡಿಕೊಂಡಳು. ದೊಡ್ಡ ಮೇಷ್ಟ್ರ ಹೆಂಡತಿಗೆ ಒಂದು ಗುಂಡಿ ಮುಟ್ಟಲು ಬರುವುದಿಲ್ಲವೆಂದು ಗೆಳೆಯರ ಮುಂದೆ ಅವನಿಗೆ ನಾಚಿಕೆಯಾಗಿದೆ ಎಂದುಕೊಂಡಳು. ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮೊಟ್ಟೆ ಟಾರ್ಟ್ ಎಂಬ ಸಿಹಿ ತಿಂಡಿಯ ಪೆಟ್ಟಿಗೆ ಹಿಡಿದು, "ನಡಿ ಮುದುಕ, ನಾನೇ ಬಂದು ಹೇಳ್ತೀನಿ" ಎಂದು ಅವನನ್ನು ಎಬ್ಬಿಸಿಕೊಂಡು ಹೊರಟಳು.

ಡುಮ್ಮ ಯಿಪ್ ಮತ್ತು ಮೊಕ್ ಎದ್ದು ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ.

"ಇವನದೇನೂ ತಪ್ಪಿಲ್ಲ. ನಿಮ್ಮ ಕಟ್ಟಳೆ ಗೊತ್ತಿದ್ದೂ ಗುಂಡಿ ನೋಡ್ದೆ ಕಿವಿಗೆ ಹಾಕ್ಕೊಂಡೋಳು ನಾನು. ಅದಕ್ಕೆ ಇವನ ಭಾನುವಾರ ಹಾಳಾಗೋದು ಬೇಡ."

"ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಆದ್ರೂ ಮೊದ್ಲು ಸೊನ್ನೆಗೆ ತಿರುಗಿಸಿ, ಆಮೇಲೆ ಹಾಕ್ಕೋಬೇಕು. ಮಕ್ಳಿಗೂ ಅದನ್ನೇ ಹೇಳೋದು ನಾವು" ಅಂದ ಯಿಪ್, ಒಳ್ಳೆಯ ಮನಸ್ಸಿನಿಂದಲೇ.

ಮೊಕ್ ವಾತಾವರಣ ತಿಳಿಗೊಳಿಸಲು ನೋಡಿದ. "ನನಗಂತೂ ನಿಮ್ಮ ಯಜಮಾನ್ರು ತಿಂಗಳು ಶಿಕ್ಷೆ ಕೊಟ್ಟಿದ್ರು. ನಿಮಗೆಷ್ಟು ಕೊಟ್ರು?"

ಸೌಫಾನ್ ನಗಲು ಯತ್ನಿಸಿ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ಸೀತೋ ನೋಡಲಾರದೆ ಹೋದ.

"ನಾನು ಬಿಟ್ಟಿದ್ದು" ಅಂದ. "ಹೈ ಗೇನಲ್ಲಿ. ತೊಂಬತ್ತರಲ್ಲಿ. ಇದೇ ಮೇಜಿಂದ ಎದ್ದು ಹಾಗೇ ಹೋದೆ."

ಯಿಪ್ ಬಾಯಿಗೆ ಎತ್ತಿದ್ದ ಲೋಟವನ್ನು ಕೆಳಗಿಟ್ಟ.

"ನಾನಲ್ವಾ ತಿರುಗಿಸಿದ್ದು?" ಎಂದಳು ಸೌಫಾನ್. "ಕೈ ಜಾರ್ತು. ನನಗೆ ನೆನಪಿದೆ."

"ನೀನು ಮುಟ್ಟೇ ಇಲ್ಲ. ನಾನು ಎಲ್ಲಿ ಬಿಟ್ಟಿದ್ನೋ ಅಲ್ಲೇ ಇತ್ತು. ನೋಡ್ದೆ. ನೋಡಿ, ನಿನಗೆ ಕಾಣ್ದ ಹಾಗೆ ಸೊನ್ನೆ ಮಾಡ್ದೆ."

ಅವಳು ಅವನನ್ನು ತುಂಬ ಹೊತ್ತು ನೋಡಿದಳು, ಬಲಗಿವಿ ಸ್ವಲ್ಪ ಮುಂದೆ ಬರುವಂತೆ ತಲೆ ಓರೆಮಾಡಿ. ಈಚೆಗೆ ಎಲ್ಲರನ್ನೂ ಹಾಗೇ ಕೇಳಿಸಿಕೊಳ್ಳುತ್ತಿದ್ದಳು.

"ಅಂದ್ರೆ ಇಷ್ಟು ದಿನ ನಿನ್ನ ಹತ್ರ ಕ್ಷಮೆ ಕೇಳ್ತಿದ್ದೋಳು ನಾನು."

ಅವನು ಹೌದೆಂದು ತಲೆಯಾಡಿಸಿದ.

"ನೀನು ಪ್ರತಿ ಸಲಾನೂ ಕ್ಷಮಿಸ್ದೆ."

ಟಾರ್ಟಿನ ಪೆಟ್ಟಿಗೆಯನ್ನು ಮೊಕ್‌ನ ಮುಂದಿಟ್ಟು, "ಬಿಸಿ ಇರೋವಾಗ್ಲೇ ತಿನ್ನಿ" ಎಂದು ಹೇಳಿ ಅವಳು ಹೊರಗೆ ನಡೆದಳು. ಸೀತೋ ಕುರ್ಚಿ ತಳ್ಳಿ ಹಿಂದೆಯೇ ಓಡಿದ. ಬೀದಿಯಲ್ಲಿ ಭಾನುವಾರದ ಜನ ಕಿಕ್ಕಿರಿದಿತ್ತು. ಮಾರಾಟಕ್ಕೆ ಸುರಿದಿಟ್ಟ ಹಳೆಯ ವೈರು, ಚಾರ್ಜರುಗಳ ಗುಡ್ಡೆಗಳ ನಡುವೆ ನುಗ್ಗಿ ಹೋಗಿ ಅವಳ ಹತ್ತಿರ ಬಂದ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಅವಳ ಎಡಕ್ಕೆ.

"ಆ-ಫಾನ್" ಎಂದು ಮನೆಯ ಹೆಸರಿನಿಂದ ಕರೆದ. ಮತ್ತೆ ಇನ್ನೂ ಜೋರಾಗಿ, "ಆ-ಫಾನ್!"

ಅವಳು ನಡೆಯುತ್ತಲೇ ಇದ್ದಳು. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ತಿರುಗಲಿಲ್ಲವೋ, ಅವನಿಗೆ ತಿಳಿಯಲಿಲ್ಲ.