ತಲೆಯ ಮೇಲಿನ ಕೊಡ

ಹಡಗಲಿಯ ದಾರಿಯಲ್ಲಿ, ನಾಟಕ ತಂಡದ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಆರು ದೇಶಗಳ ನಟರಿರುವ ಈ ತಂಡಕ್ಕೆ ನಾನು ದುಭಾಷಿ.

ಮೊನ್ನೆ ಕೊಟ್ಟೂರಿನಲ್ಲಿ ಜನ ನಗಬಾರದ ಕಡೆ ನಕ್ಕುಬಿಟ್ಟರು. ಮಗನನ್ನು ಕಳೆದುಕೊಂಡ ತಾಯಿ ನೀರು ಹೊತ್ತು ಮನೆಗೆ ಮರಳುವ ದೃಶ್ಯ ಅದು. ತಾಯಿಯ ಪಾತ್ರದ ಪೋಲೆಂಡಿನ ಮಾರ್ತಾ ಪರದೆಯ ಹಿಂದೆ ಬಂದು ನಿಜವಾಗಿ ಅತ್ತಳು.

ನಿನ್ನೆ ಬೆಳಿಗ್ಗೆ, ನಾಟಕ ನೋಡಿದ್ದ ಆ ಊರಿನ ಗಂಗಮ್ಮ ನಲ್ಲಿಯ ಹತ್ತಿರ ಸಿಕ್ಕಳು. "ಯಾಕಕ್ಕಾ ನಕ್ರಿ?" ಎಂದು ಕೇಳಿದೆ.

"ಮತ್ತೇನ್ರಿ! ಖಾಲಿ ಕೊಡ ಹೊತ್ತಾಳ, ಕುತ್ತಿಗಿ ಕೋಳಿಯಂಗ ಆಡತೈತಿ. ನೀರಿದ್ರ ಹಂಗ ಆಡತೈತೇನು?"

ಮೃದು ಮಾಡಿ ಹೇಳಬಹುದಿತ್ತು. ನಾನು ಇದ್ದದ್ದನ್ನೇ ಮಾರ್ತಾಗೆ ಹೇಳಿದೆ. ಅವಳು ಕೊಡ ಹಿಡಿದು ನಲ್ಲಿಗೆ ನಡೆದಳು. ಗಂಗಮ್ಮ ಹಳೆ ಬಟ್ಟೆಯ ಸಿಂಬಿ ಸುತ್ತಿ ಅವಳ ತಲೆಗಿಟ್ಟು, ಮೇಲೆ ತುಂಬಿದ ಕೊಡ ಹೊರಿಸಿದಳು. "ಕಾಲು ನೋಡಬ್ಯಾಡವ್ವ, ದೂರ ನೋಡು" ಎಂದಳು. ನಾನು ಅನುವಾದಿಸುವುದರೊಳಗೆ ಇಬ್ಬರೂ ಓಣಿಯ ತುದಿ ಮುಟ್ಟಿದ್ದರು. ಬಸ್ಸು ಹೊರಡುವ ತನಕ ಅದೇ ನಡೆಯಿತು.

ಸಂಜೆ ಹರಪನಹಳ್ಳಿಯ ಶಾಲೆಯ ಬಯಲಿನಲ್ಲಿ ಮಾರ್ತಾ ತುಂಬಿದ ಕೊಡವನ್ನೇ ಹೊತ್ತು ಬಂದಳು. ಹೆಗಲ ಮೇಲಿನ ಸೆರಗು ತೊಯ್ದಿತ್ತು. ಯಾರೂ ನಗಲಿಲ್ಲ. ಕೊಡ ಇಳಿಸಲು ಅವಳು ಕೈ ಎತ್ತುತ್ತಲೇ ಮುಂದಿನ ಸಾಲಿನ ಹೆಂಗಸೊಬ್ಬಳು, "ತಡಿಯವ್ವಾ, ಒಬ್ಬಾಕಿ ಇಳಿಸಬ್ಯಾಡ" ಎನ್ನುತ್ತ ಎದ್ದು ಬಂದು ಕೈ ಕೊಟ್ಟಳು.