ವಾರಕ್ಕೊಬ್ಬ ಮುಕಾದಮ

ಹೋದ ತಿಂಗಳು ಗುಡಗೇರಿ ಸ್ಟೇಶನ್ನಿನಲ್ಲಿ ಹತ್ತಿಕಾಳಿನ ಚೀಲವೊಂದು ಒಡೆದು ಕಾಳೆಲ್ಲ ಬಿಸಿಲಿಗೆ ಚೆಲ್ಲಿತ್ತು. ಎಣ್ಣೆಯಂಥ, ತುಸು ಕಮಟಾದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಐದು ವರ್ಷದ ಹಿಂದಿನ ಅಣ್ಣಿಗೇರಿ, ನಾನು ತೂಕದ ಕಾರಕೂನನಾಗಿದ್ದ ಅರಳೆ ಗಿರಣಿ, ಅಲ್ಲಿ ಫಿಟರ್ ಆಗಿದ್ದ ನಮ್ಮ ಬಾಜೂಮನೆ ಕಾಕಾ… ಎಲ್ಲವೂ ಒಟ್ಟಿಗೇ ಬಂದವು.

ಎಪ್ಪತ್ನಾಲ್ಕರ ಹಂಗಾಮಿಗೆ ಮುಂಚೆ ಮಾಲಕರು ಗಿರಣಿಗೆ ಬೀಗ ಹಾಕಿದ್ದರು. ಕಾಕಾ ಮುಂದಾಗಿ ಅವರೊಡನೆ ಮಾತಾಡಿದರು. ಹೊಲ ಹಿಡಿಯುವಂತೆ ಒಂದು ಹಂಗಾಮಿನ ಮಟ್ಟಿಗೆ ಕೆಲಸಗಾರರೇ ಅದನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದೆವು. ಯಜಮಾನರಿಲ್ಲ ಎಂದಮೇಲೆ ಕೆಲಸ ಹಂಚಿ ನೋಡಿಕೊಳ್ಳುವ ಮುಕಾದಮ ಯಾರು ಎಂಬ ಪ್ರಶ್ನೆ ಬಂತು.

"ಹೊಲದಾಗ ಮುಯ್ಯಾಳು ಮಾಡಂಗಿಲ್ಲೇನು?" ಎಂದರು ಕಾಕಾ. "ಇವತ್ತು ಅವರ ಹೊಲದಾಗ ಅವರು ಹೇಳಿದಂಗ ನೀವು ದುಡೀತೀರಿ. ನಾಳೆ ನಿಮ್ಮ ಹೊಲದಾಗ ನೀವು ಹೇಳಿದಂಗ ಅವರು. ಇಲ್ಲೂ ಹಂಗ ನಡೀಲಿ."

ಹಾಗೆ ವಾರಕ್ಕೊಬ್ಬರ ಪಾಳಿಯಾಯಿತು. ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಸೇರಿ, ಹಿಂದಿನ ವಾರದ ತಕರಾರು ಮುಗಿಸಿ, ಕೆಲಸ ಶುರುಮಾಡಿಸುವ ಮುಕಾದಮನ ಸೀಟಿಯನ್ನು ಮುಂದಿನವರ ಕೈಗೆ ಕೊಡುವುದು. ಗಾಡಿಯಿಂದ ಹತ್ತಿ ಇಳಿಸುವವನು, ಎಂಜಿನ್ನಿನವನು, ನಾನು, ಎಲ್ಲರ ಪಾಳಿಯೂ ನನ್ನ ದಿನಚರಿಯಲ್ಲಿದೆ. ನನ್ನ ವಾರದ ಕೆಳಗೆ 'ಎರಡು ಜಗಳ, ಒಂದು ರಾಜಿ' ಎಂದು ಬರೆದುಕೊಂಡಿದ್ದೇನೆ.

ಈ ಸುದ್ದಿ ಹುಬ್ಬಳ್ಳಿಯ ಪಕ್ಷದ ಕಚೇರಿಗೆ ಮುಟ್ಟಿತು. ಕಾಕಾ ಹರೆಯದಿಂದಲೂ ಆ ಕೆಂಪು ಬಾವುಟದ ಪಕ್ಷದವರು. ಮದುವೆಯನ್ನೂ ಪಕ್ಷದ ಕಚೇರಿಯಲ್ಲೇ ಹಾರ ಬದಲಿಸಿ ಮಾಡಿಕೊಂಡವರು. ಒಂದು ರವಿವಾರ ಅಲ್ಲಿಯ ಮುಖಂಡರೇ ಗಿರಣಿಯ ಅಂಗಳಕ್ಕೆ ಬಂದರು.

"ಕಾಮ್ರೇಡ್, ವಾರಕ್ಕೊಬ್ಬ ಮುಕಾದಮ ಅಂದ್ರ ಇದೇನು ಹುಡುಗರಾಟಾ? ಶಿಸ್ತು ಬೇಕ್ರಿ. ಪಕ್ಷ ನಿಮ್ಮನ್ನ ಕಾಯಂ ಮುಕಾದಮ ಮಾಡೇತಿ."

"ಪಕ್ಷ ಹೆಂಗ ಮಾಡತೈತ್ರಿ? ದುಡಿಯವರು ಇವರು. ಇವರನ್ನ ಕೇಳ್ರಿ."

"ಇವರಿಗೆ ಏನು ಬೇಕು ಅನ್ನೂದು ಪಕ್ಷಕ್ಕ ಗೊತ್ತೈತಿ."

ಹತ್ತಿ ಹಸನು ಮಾಡುವ ಮಲ್ಲವ್ವ ಕೂತಲ್ಲಿಂದಲೇ ಬಾಯಿ ಹಾಕಿದಳು: "ಅಷ್ಟೆಲ್ಲಾ ಗೊತ್ತಿದ್ರ ಹೇಳ್ರಿ, ನನ್ನ ಯಾವ ಮೊಣಕಾಲು ನೋಯಾಕ ಹತ್ತೇತಿ?"

ಅಂಗಳವೆಲ್ಲ ನಕ್ಕಿತು. ಆದರೆ ಮುಖಂಡರು ಕೈ ಎತ್ತಿಸಿದಾಗ ಆದದ್ದೇ ಬೇರೆ. ಕಾಕಾನೇ ಕಾಯಂ ಇರಲಿ ಎಂದು ಒಂದೊಂದಾಗಿ ಎಲ್ಲ ಕೈಗಳೂ ಮೇಲೆ ಹೋದವು, ನನ್ನದೂ ಸೇರಿ. ಮರುದಿನ ಶುರುವಾಗುವ ಪಾಳಿ ಮಲ್ಲವ್ವನದಿತ್ತು, ಅವಳೂ ಎತ್ತಿದಳು. "ಗಂಡಸರ ಮುಂದ ಸೀಟಿ ಊದಾಕ ನನಗ ನಾಚಿಕಿ ಬರ್ತೈತಿ. ಕಾಕಾನ ಇರ್ಲಿ ಬಿಡ್ರಿ." ಮುಖಂಡರು ನಗುತ್ತಾ ಮೋಟರು ಹತ್ತಿದರು. ಕೈಗೆ ಕೊಟ್ಟ ಸೀಟಿಯನ್ನು ಕಾಕಾ ಗೇಟಿನ ಮೊಳೆಗೆ ಹಾಕಿದರು.

ಸೋಮವಾರ ಅವರು ಬರಲಿಲ್ಲ. ಮನೆಗೆ ಬೀಗ. ಕಾಕೂನ ಕರೆದುಕೊಂಡು ಅವಳ ತವರು ಯಮನೂರಿಗೆ ಹೋದರೆಂದು ಓಣಿಯವರು ಹೇಳಿದರು. ಸೀಟಿ ಗೇಟಿನ ಮೊಳೆಗೆ ತೂಗುತ್ತಿತ್ತು. ಹೊರಗೆ ಹತ್ತಿಗಾಡಿಗಳ ಸಾಲು, ಒಳಗೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದೆವು. ಬಿಸಿಲೇರಿದ ಮೇಲೆ ಮಲ್ಲವ್ವ ಎದ್ದು ಸೀಟಿ ತಗೊಂಡಳು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲಕ್ಕೆ ಎಂಜಿನ್ನು ಶುರುವಾಯಿತು. ಆ ವಾರ ಎಂಜಿನ್ನಿನ ಪಟ್ಟಾ ಹರಿಯಿತು, ಬೈದಾಟ ನಡೆಯಿತು, ಆದರೆ ಒಂದು ಗಾಡಿಯೂ ತಿರುಗಿ ಹೋಗಲಿಲ್ಲ.

ಮುಂದಿನ ಸೋಮವಾರ ಕಾಕಾ ಬಂದು ಅಂಗಳದಲ್ಲಿ ಎಲ್ಲರ ನಡುವೆ ಕೂತರು. ಮಲ್ಲವ್ವ ಅವರ ಮುಖ ನೋಡದೆ ಹೇಳಿದಳು: "ಹೇಳದ ಕೇಳದ ಹೋದವರಿಗೆ ಆ ವಾರದ ಪಗಾರ ಇಲ್ಲ. ಒಪ್ಪಿಗಿ ಇದ್ದವರು ಕೈ ಎತ್ರಿ. ಪಾಳಿ ಮಾತ್ರ ಮೊದಲಿನಂಗ ನಡೀಲಿ."

ಮೊದಲು ಎದ್ದ ಕೈ ಕಾಕಾನದು.

ಅದೇ ತಿಂಗಳು ಹುಬ್ಬಳ್ಳಿಯಿಂದ ಒಬ್ಬರು ಬಂದು, ವಹಿಸಿದ ಜಾಗ ಬಿಟ್ಟುಹೋದ ತಪ್ಪಿಗೆ ಕಾಕಾನನ್ನು ಪಕ್ಷದಿಂದ ತೆಗೆದುಹಾಕಿದೆ ಎಂದು ಹೇಳಿ ಅವರ ಕಾರ್ಡು ಇಸಿದುಕೊಂಡು ಹೋದರು. ನಾನು ಅವರ ಮನೆಯ ಕಟ್ಟೆಯ ಮೇಲೇ ಇದ್ದೆ. "ಕಾಕಾ, ಎರಡೂ ಕಡಿ ಒಂದೇ ತಪ್ಪಿಗೆ ಶಿಕ್ಷೆ ಆತಲ್ರಿ?" ಎಂದೆ.

"ಹೌದಪಾ. ಅಂಗಳದಾಗ ಹಾಕಿದ ದಂಡಕ್ಕ ನಾನೂ ಕೈ ಎತ್ತಿದ್ದೆ. ಇದರಾಗ ನನ್ನ ಕೈ ಎಲ್ಲೈತಿ?"

ತಿಂಗಳ ಮೊದಲ ರವಿವಾರ ಹುಬ್ಬಳ್ಳಿಯ ಸಭೆಗೆ ಹೋಗುವುದು ಅವರ ರೂಢಿಯಾಗಿತ್ತು. ಆಮೇಲೆಯೂ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೋಗುವ ಊರಿಲ್ಲದೆ, ಕಟ್ಟೆಯ ಮೇಲೆ ಕೂಡುತ್ತಿದ್ದರು… ಹಂಗಾಮು ಮುಗಿದು ಮಾಲಕರು ಗಿರಣಿ ತಿರುಗಿ ತಗೊಂಡರು. ಮಾರನೆಯ ವರ್ಷ ಕಾಕಾ ತೀರಿಕೊಂಡರು.

ಗುಡಗೇರಿಯಿಂದ ಬಂದ ಮೇಲೆ ನಾನು ಅಣ್ಣಿಗೇರಿಗೆ ಹೋಗಿದ್ದೆ. ಕಾಕಾ ಅಂದು ಯಮನೂರಿಗೆ ಹೋದದ್ದು ನಮಗೆ ಗಿರಣಿ ನಡೆಸುವುದು ರೂಢಿಯಾಗಲಿ ಎಂದೋ, ಅಥವಾ ಆ ಕಾಯಂ ಕುರ್ಚಿ ತಮಗೇ ರುಚಿಸೀತು ಎಂದು ಹೆದರಿಯೋ? ಬಹಳ ದಿನದಿಂದ ಇದು ನನ್ನ ತಲೆಯಲ್ಲಿದೆ. ಮಲ್ಲವ್ವನನ್ನು ಕೇಳಿದೆ. ಅವಳು ಕೈಯಲ್ಲಿದ್ದ ಹತ್ತಿಯ ಕಸ ಆರಿಸಿ ಪಕ್ಕಕ್ಕಿಟ್ಟಳು.

"ದಂಡ ಹಾಕಿದ್ವಿ," ಎಂದಳು. "ಯಾಕ ಹೋಗಿದ್ರಿ ಅಂತ ಪಕ್ಷದವರಂಗ ನಾವೂ ಕೇಳಲಿಲ್ಲ ನೋಡು, ತಮ್ಮಾ."