ತೂಕದ ಮಷಿನ್ ಮೇಲೆ ಗಂಗವ್ವ

ಶಹಾಪುರದ ಕಾಲೇಜೊಂದರಲ್ಲಿ ನಾನು ತತ್ತ್ವಶಾಸ್ತ್ರ ಕಲಿಸುತ್ತೇನೆ. ಜರ್ಮನ್ ತತ್ತ್ವಜ್ಞಾನಿಯೊಬ್ಬರು ಬಳಸಿದ ‘ಗೆಷ್ಟೆಲ್’ ಎಂಬ ಮಾತಿದೆ. ಆಧುನಿಕ ತಂತ್ರಜ್ಞಾನದ ತಿರುಳು ಯಂತ್ರದಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ. ಆ ಕಣ್ಣಿಗೆ ಹೊಳೆ, ಕಾಡು, ಮನುಷ್ಯರು ಎಲ್ಲವೂ ಬೇಕೆಂದಾಗ ಎತ್ತಿಕೊಳ್ಳಲು ಪೇರಿಸಿಟ್ಟ ದಾಸ್ತಾನಾಗಿಯೇ ಕಾಣುತ್ತವೆ ಎಂದು ಅದರ ಅರ್ಥ. ನಾರಾಯಣಪುರದ ಡ್ಯಾಮಿನ ಉದಾಹರಣೆ ಕೊಟ್ಟು ಜಂಬದಿಂದ ಪಾಠ ಮಾಡುತ್ತಿದ್ದೆ. ಗಂಡ ಅಲ್ಲಿಯೇ ನೌಕರ. ಕೃಷ್ಣೆಯ ಸುದ್ದಿ ಬಂದರೆ ಕ್ಯೂಸೆಕ್ಸ್ ಬಿಟ್ಟು ಬೇರೆ ಮಾತೇ ಬರುವುದಿಲ್ಲ ಎಂದು ಅವರನ್ನು ಕಾಡಿಸುತ್ತಿದ್ದೆ.

ಆಮೇಲೆ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಯಾದಗಿರಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆ ಅವಳನ್ನು ಉಳಿಸಿತು. ಆ ಯಂತ್ರಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ. ಮನೆಗೆ ಬಂದ ಮೇಲೆ ತೂಕದ ಮಷಿನ್ ತರಿಸಿದೆ. ಹಾಲು ಕುಡಿಸುವ ಮುಂಚೆ ಒಮ್ಮೆ, ಕುಡಿಸಿದ ಮೇಲೆ ಒಮ್ಮೆ ಅವಳನ್ನು ಮಲಗಿಸಿ ತೂಗುವುದು. ಇನ್ನು ಸಾಕು ಎಂದು ಡಾಕ್ಟರು ಹೇಳಿದರೂ ಬಿಡಲಿಲ್ಲ. ಕೂಸು ಹೇಗಿದೆ ಎಂದು ಯಾರಾದರೂ ಕೇಳಿದರೆ ಗ್ರಾಂ ಹೇಳುತ್ತಿದ್ದೆ. ಅಂಕಿ ಇಳಿದರೆ ಮಗಳು ಕೈಬಿಟ್ಟು ಹೋಗುತ್ತಾಳೆ ಎಂಬ ಭಯ.

ಅತ್ತೆ ಹೊಳೆದಂಡೆಯ ಮೀನುಗಾರರ ಮನೆಯವರು. ಬಾಣಂತಿ ಗಂಗೆಪೂಜೆ ಮಾಡದೆ ನೀರಿನ ಕೊಡ ಮುಟ್ಟುವಂತಿಲ್ಲ ಎಂದರು. ಮನೆಯ ನಲ್ಲಿಗೇ ಪೂಜೆ ಮಾಡೋಣ ಎಂಬ ನನ್ನ ಮಾತು ನಡೆಯಲಿಲ್ಲ. ಎಲ್ಲರೂ ಹೊಳೆಗೆ ಹೋದೆವು. ಮಷಿನ್ ನನ್ನ ಚೀಲದಲ್ಲಿತ್ತು.

ದಂಡೆಯ ತುಂಬ ಕೆಸರು. ನಾನು ಕೂಸಿನ ಬಟ್ಟೆ ಬದಲಿಸಿ ತಿರುಗುವಷ್ಟರಲ್ಲಿ ಅತ್ತೆ ಆ ಮಷಿನನ್ನೇ ಮಣೆ ಮಾಡಿ, ಮೇಲೆ ಐದು ಕಲ್ಲುಹರಳು ಇಟ್ಟು, ಅರಿಶಿನ ಕುಂಕುಮ ಹಚ್ಚಿ ಗಂಗವ್ವನನ್ನು ಕೂರಿಸಿಬಿಟ್ಟಿದ್ದರು. ಮುಂದೆ ಕೆಂಪು ಅಂಕಿಗಳು ಮಿನುಗುತ್ತಿದ್ದವು. ಗಂಡ ಬಗ್ಗಿ ಗಂಗವ್ವನ ತೂಕ ಓದಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಕೂಸು ಹಸಿದು ಅತ್ತಿತು. ಮಷಿನ್ ಎತ್ತಿಕೊಳ್ಳಲು ಹೋದೆ. ಅತ್ತೆ ನನ್ನ ಕೈ ಹಿಡಿದರು.

“ಗಂಗವ್ವ ಕುಂತಾಳವ್ವಾ. ಆಕಿನ್ನ ಈಗ ಎಬ್ಬಸಬಾರ್ದು. ನೀ ಕೂಸಿಗಿ ಹಾಲು ಕೊಡು.”

ಸೆರಗು ಮರೆ ಮಾಡಿಕೊಂಡು ಕೂತೆ. ನೋಡಲು ಅಂಕಿ ಇರಲಿಲ್ಲ, ಅವಳ ಮುಖ ನೋಡಿದೆ. ಕುಡಿಯುವಾಗ ಹುಬ್ಬು ಗಂಟಿಕ್ಕುತ್ತಾಳೆ, ಥೇಟ್ ಅವಳಪ್ಪನ ಹಾಗೆ. ಇಷ್ಟು ದಿನ ನಾನದನ್ನು ಕಂಡೇ ಇರಲಿಲ್ಲ. ಅಳು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಾಯಿ ಬಿಟ್ಟು, ತುಟಿಯಂಚಿನಲ್ಲಿ ಹಾಲು ಉಳಿಸಿಕೊಂಡು ನಿದ್ದೆ ಹೋದಳು. ಎಷ್ಟು ಕುಡಿದಳೋ ಗೊತ್ತಿಲ್ಲ. ಹೊಟ್ಟೆ ತುಂಬಿತ್ತು.